ಯಜಮಾನಿಯ ಮಾತು ನಿಂತ ಮಧ್ಯಾಹ್ನ

"ಅದು ಲೋಕಕ್ಕೆಲ್ಲ ಕೆಟ್ಟಿದೆಯೋ, ನಮ್ಮ ಮನೇಲಿ ಮಾತ್ರ ಕೆಟ್ಟಿದೆಯೋ, ಅಷ್ಟು ಹೇಳಿಬಿಡಿ ಸಾಕು," ಎಂದು ಗಡಿಯಾರದಂಗಡಿಯವರ ಮಗಳು ಹೊಸ್ತಿಲಲ್ಲೇ ನಿಂತು ಕೇಳಿದಳು. ಒಂದು ಕಾಲಿನಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಇನ್ನೊಂದರಲ್ಲಿ ಹೊರಗಿನದು. ಅವಳಿಗೆ ಅದರ ಅರಿವಿರಲಿಲ್ಲ.

ಅತ್ತಿಗೆ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟರು. ಬೆಂಕಿ ತಾನಾಗಿ ಹತ್ತಿತೋ, ಯಾರಾದರೂ ಹಚ್ಚಿದರೋ ಎಂದು ಕಂಡುಹಿಡಿಯುವುದು ವಿಮಾ ಕಂಪನಿಯಲ್ಲಿ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ನಮ್ಮ ಬೀದಿಯವರು ಕಳೆದುಹೋದ ಒಡವೆಯಿಂದ ಹಿಡಿದು ಕಳೆದುಹೋದ ಅಳಿಯನವರೆಗೆ ಎಲ್ಲವನ್ನೂ ನಮ್ಮ ಮಹಡಿಯ ಮೆಟ್ಟಿಲು ಹತ್ತಿಸುತ್ತಾರೆ. ಅಣ್ಣ ತೀರಿಕೊಂಡಂದಿನಿಂದ ನಾನು ಅತ್ತಿಗೆಯ ಜೊತೆಗಿದ್ದೇನೆ. ಪ್ರಶ್ನೆ ಅವರದು, ನೆನಪು ನನ್ನದು. ಅಪ್ಪ ಪದ್ಯ ಓದುವುದನ್ನು ದಿನವೂ ಕೇಳಿ ಬೆಳೆದ ಕಿವಿ ಇದು. ಕೇಳಿದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

"ಮೊದಲು ಕೂತ್ಕೋ," ಎಂದರು ಅತ್ತಿಗೆ. "ಅದು ಅಂದ್ರೆ ಯಾವುದು?"

"ಅಮ್ಮನ ಮಾತು."

ಆಗ ಅರ್ಥವಾಯಿತು. ಅವಳ ತಾಯಿ, ನಾವೆಲ್ಲ ಯಜಮಾನಿ ಎಂದು ಕರೆಯುವವರು, ಕಳೆದ ವರ್ಷ ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡಿದ್ದರು. ಬುದ್ಧಿ ಮೊದಲಿನಷ್ಟೇ ಚುರುಕು. ಆದರೆ ನಾಲಿಗೆ ಏಳುವುದಿಲ್ಲ, ಬಲಗೈ ಬರುವುದಿಲ್ಲ, ಬರೆಯಹೋದರೆ ಒಂದೆರಡು ಪದಕ್ಕೆ ಸುಸ್ತು. ಮಗಳು ಅವರಿಗೊಂದು ಟ್ಯಾಬ್ ತಂದುಕೊಟ್ಟು, ಅದರಲ್ಲಿ ಎಲ್ಲರೂ ಬಳಸುವಂಥ ಒಂದು ಚಾಟ್‌ಬಾಟ್ ಹಾಕಿಕೊಟ್ಟಿದ್ದಳು. ಯಜಮಾನಿ ಎಡಗೈ ಬೆರಳಿನಿಂದ ಒಂದೆರಡು ಪದ ಒತ್ತುತ್ತಾರೆ; ಅದು ಪೂರ್ತಿ ವಾಕ್ಯ ಕಟ್ಟಿ ತೋರಿಸುತ್ತದೆ; ಅವರು ಒಪ್ಪಿದರೆ ಗಟ್ಟಿಯಾಗಿ ಓದಿ ಹೇಳುತ್ತದೆ.

"ಇವತ್ತು ಮೂರು ಗಂಟೆಗೆ ಕೋರ್ಟಿನ ಅಧಿಕಾರಿ ಮನೆಗೆ ಬರ್ತಾರೆ," ಎಂದಳು ಮಗಳು. "ಅಕ್ಕನಿಗೆ ಸ್ವಂತ ನಿರ್ಧಾರ ಹೇಳೋ ಶಕ್ತಿ ಇಲ್ಲ, ಆಸ್ತಿ ವ್ಯವಹಾರ ನನ್ನ ಕೈಗೆ ಕೊಡಿ ಅಂತ ಮಾವ ಅರ್ಜಿ ಹಾಕಿದ್ದಾರೆ. ಅಮ್ಮ ಇವತ್ತು ತನ್ನ ಮಾತಲ್ಲಿ ಹೇಳ್ಬೇಕು. ತಲೆ ಆಡಿಸಿದ್ರೆ ಆಗಲ್ಲ; ಕಾಯಿಲೆಯಾದಾಗಿಂದ ಹೌದು ಅನ್ನೋದಕ್ಕೆ ಅಲ್ಲ ಅಂತ ತಲೆ ಆಡಿಸ್ತಾಳೆ. ಹೇಳದೇ ಇದ್ರೆ, ಶಕ್ತಿ ಇಲ್ಲ ಅಂತಲೇ ಬರ್ಕೊಂಡು ಹೋಗ್ತಾರೆ. ಇನ್ನೊಂದು ದಿನ ಕೊಡಲ್ಲ."

"ಚಾಟ್‌ಬಾಟ್ ಯಾವಾಗಿಂದ ಕೆಟ್ಟಿದೆ?"

"ಬೆಳಿಗ್ಗೆ ತಿಂಡಿ ಹೊತ್ತಿಂದ. ನನ್ನ ಫೋನಲ್ಲೂ ನೋಡ್ದೆ, ಬರಲಿಲ್ಲ. ಮಾವ ಬಂದವರು, ಸುದ್ದಿಯಲ್ಲಿದೆ, ಎಲ್ಲಾ ಕಡೆ ನಿಂತುಹೋಗಿದೆ ಅಂದ್ರು. ಸರಿ ಅಂತ ಟ್ಯಾಬ್ ಚಾರ್ಜಿಗೆ ಹಾಕಿ ಕಾದೆ. ಹನ್ನೊಂದಕ್ಕೆ ತೆಗೆದು ನೋಡಿದ್ರೂ ಅದೇ ಕತೆ."

"ಅದೇ ಕತೆ ಅಂದ್ರೆ? ಬೆಳಿಗ್ಗೆ ಏನಂತ ತೋರಿಸ್ತು, ಆಮೇಲೆ ಏನಂತ ತೋರಿಸ್ತು? ನೆನಪು ಮಾಡ್ಕೊಂಡು ಹೇಳು."

ಮಗಳು ಕಣ್ಣು ಮುಚ್ಚಿದಳು. "ಬೆಳಿಗ್ಗೆ, ಕ್ಷಮಿಸಿ, ನಮ್ಮ ಸೇವೆಯಲ್ಲಿ ತೊಂದರೆಯಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ, ಅಂತಿತ್ತು. ಆಮೇಲೆ... ಸುರಕ್ಷಿತ ಸಂಪರ್ಕ ಸಾಧ್ಯವಾಗುತ್ತಿಲ್ಲ, ಅಂತ."

"ಎರಡೂ ಒಂದೇ ಅಲ್ಲ," ಎಂದರು ಅತ್ತಿಗೆ. "ಮೊದಲನೇದು, ಅಂಗಡಿಯವನೇ ಬಾಗಿಲಿಗೆ ಬಂದು ಇವತ್ತು ವ್ಯಾಪಾರ ಇಲ್ಲ ಅಂದ ಹಾಗೆ. ಎರಡನೇದು, ನಿಮ್ಮ ಟ್ಯಾಬ್ ಅಂಗಡಿಯ ಮೆಟ್ಟಿಲನ್ನೇ ಹತ್ತಿಲ್ಲ ಅಂದ ಹಾಗೆ." ತಮ್ಮ ಫೋನು ತೆಗೆದು ಅದೇ ಚಾಟ್‌ಬಾಟ್ ತೆರೆದರು. "ಅಮ್ಮ ಸಾಮಾನ್ಯವಾಗಿ ಏನು ಬರೀತಾರೆ?"

"ಎಣ್ಣೆ ಅಂದ್ರೆ ಔಷಧಿ ಕೊಡು ಅಂತ. ಕೀಲಿ ಮುಗೀತು ಅಂದ್ರೆ ಸುಸ್ತಾಯ್ತು. ಎಲ್ಲಾ ಅಂಗಡಿ ಭಾಷೆ. ಅದು ತಿಂಗಳುಗಟ್ಟಲೆ ಕೇಳಿ ಕಲ್ತುಬಿಟ್ಟಿದೆ."

ಅತ್ತಿಗೆ 'ಎಣ್ಣೆ' ಎಂದು ಬರೆದರು. ಕೂಡಲೇ ಉತ್ತರ ಬಂತು: ಯಾವ ಎಣ್ಣೆಯ ಬಗ್ಗೆ ತಿಳಿಯಬೇಕು, ಅಡುಗೆಯದೋ, ಕೂದಲಿನದೋ?

"ನೋಡು, ಆರೋಗ್ಯವಾಗಿದೆ. ಅಮ್ಮನ ಭಾಷೆ ಕಲಿತ ಬುದ್ಧಿ ಮಾತ್ರ ನನ್ನದರಲ್ಲಿ ಇಲ್ಲ," ಎಂದರು ಅತ್ತಿಗೆ. "ಬೆಳಗಿನ ತೊಂದರೆ ನಿಜ, ಅದು ಯಾವಾಗಲೋ ಸರಿಹೋಗಿದೆ. ಅಮ್ಮನ ಖಾತೆಯನ್ನ ಇನ್ನೊಂದು ಫೋನಲ್ಲಿ ತೆರೆಯೋಕಾಗುತ್ತಾ?"

"ತೆರೆಯೋಕೆ ಹೋದ್ರೆ ಒಪ್ಪಿಗೆ ಕೇಳೋದು ಟ್ಯಾಬಿಗೇ ಬರುತ್ತೆ. ಆ ಟ್ಯಾಬಿಗೇ ಏನೂ ಬರ್ತಿಲ್ವಲ್ಲ."

"ಹಾಗಾದ್ರೆ ಆ ಟ್ಯಾಬೇ ಬೇಕು. ನಡಿ. ಚಪ್ಪಲಿ ಬೇಕಾದ್ರೆ ನಿಮ್ಮ ಮನೇಲೇ ಬದಲಾಯಿಸ್ಕೋ."

ಅಂಗಡಿ ಬೀದಿಯ ತಿರುವಿನಲ್ಲಿದೆ. ಮುಂದೆ ಗಾಜಿನ ಕೌಂಟರು, ಹಿಂದೆ ರಿಪೇರಿಯ ಉದ್ದ ಮೇಜು, ಅದರ ಹಿಂದಿನ ಬಾಗಿಲು ದಾಟಿದರೆ ಮನೆ. ಗೋಡೆಯ ತುಂಬ ಗಡಿಯಾರಗಳು. ಒಂದರ ಮಾತಿಗೆ ಇನ್ನೊಂದು ಬಾಯಿ ಹಾಕುವಂತೆ ಟಿಕ್ಕೆನ್ನುತ್ತಿದ್ದವು. ಒಳಗೆ ಹೆಜ್ಜೆಯಿಟ್ಟಾಗ ನಡುವಿನ ದೊಡ್ಡ ಲೋಲಕದ ಗಡಿಯಾರ ಎರಡೂವರೆ ದಾಟಿತ್ತು.

ಮೇಜಿನ ಮುಂದೆ ಮೇಸ್ತ್ರಿ ಕೂತಿದ್ದರು. ಯಜಮಾನಿಯ ತಂದೆಯ ಕಾಲದಿಂದ ಅಲ್ಲೇ ಕೆಲಸ ಮಾಡುತ್ತಿರುವವರು; ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆಯೊಳಗೆ ಇಣುಕುತ್ತಿದ್ದರು. ಕೌಂಟರಿಗೆ ಒರಗಿ ಯಜಮಾನಿಯ ತಮ್ಮ ನಿಂತಿದ್ದ. ಅರ್ಜಿ ಹಾಕಿದ್ದು ಈತನೇ.

"ಓಹೋ, ವಿಮೆಯವರು ಬಂದ್ರಾ," ಎಂದ ತಮ್ಮ. "ಇಲ್ಲೇನೂ ಬೆಂಕಿ ಬಿದ್ದಿಲ್ಲ ಮೇಡಂ."

"ಹೊಗೆ ಕಾಣಿಸ್ತಲ್ಲ, ಅದಕ್ಕೆ ಬಂದೆ," ಎಂದರು ಅತ್ತಿಗೆ. ಅವರ ಕಣ್ಣು ಮೇಜಿನ ಮೇಲ್ಗಡೆ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿಗೆ ಹೋಯಿತು. ಬಣ್ಣ ಮಾಸಿದ್ದರೂ ಇಂದಿನ ವಾರ, ತಾರೀಕು ಎರಡೂ ಸರಿಯಾಗಿದ್ದವು. ವರ್ಷ ಮಾತ್ರ ಹನ್ನೊಂದು ವರ್ಷ ಹಿಂದಿನದು.

"ಅಪ್ಪನ ಜಿಪುಣತನ," ಎಂದು ತಮ್ಮ ನಕ್ಕ. "ಈ ಅಂಗಡೀಲಿ ಕ್ಯಾಲೆಂಡರ್ ಬಿಸಾಡಲ್ಲ. ವಾರ, ತಾರೀಕು ಮತ್ತೆ ಹೊಂದಿಕೊಳ್ಳೋ ವರ್ಷ ಬಂದಾಗ ಹಳೇದನ್ನೇ ತೂಗುಹಾಕ್ತಾರೆ. ಯಾವ ವರ್ಷಕ್ಕೆ ಯಾವುದು ಅಂತ ಬೆರಳಲ್ಲಿ ಎಣಿಸೋದು ನನಗೂ ಅಕ್ಕನಿಗೂ ಕಲಿಸಿದ್ರು, ಈ ಮೇಸ್ತ್ರಿಗೂ ಕಲಿಸಿದ್ರು. ಹೊಟ್ಟೆಗೆ ಹಿಟ್ಟು ಕೊಡದ ವಿದ್ಯೆ."

ಮೇಸ್ತ್ರಿ ತಲೆಯೆತ್ತಲಿಲ್ಲ.

ಒಳಕೋಣೆಯಲ್ಲಿ ಯಜಮಾನಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಮಡಿಲಲ್ಲಿ ಟ್ಯಾಬು. ನಮ್ಮನ್ನು ಕಂಡದ್ದೇ ಎಡಗೈ ಬೆರಳಿನಿಂದ ಅದರ ಗಾಜನ್ನು ಟಕಟಕ ಕುಟ್ಟಿದರು. ಬಾಯಿ ತೆರೆದರು, ಸ್ವರವೊಂದು ಹೊರಟು ಅಲ್ಲೇ ಮುರಿಯಿತು. ಒಂದು ಕಾಲದಲ್ಲಿ ಬೀದಿಯ ಆ ಕೊನೆಗೆ ಕೇಳುವಂತೆ ಬೈಯುತ್ತಿದ್ದ ಬಾಯಿ ಅದು. ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ.

ಅತ್ತಿಗೆ ಅವಸರಿಸಲಿಲ್ಲ. ಮಗಳ ಫೋನನ್ನು ಮನೆಯ ವೈಫೈಗೆ ಸೇರಿಸಿ ಚಾಟ್‌ಬಾಟ್ ತೆರೆಸಿದರು. ಬಂತು. "ಮನೆಯ ಲೈನಿನ ತಪ್ಪಲ್ಲ," ಎಂದರು. ಟ್ಯಾಬನ್ನು ವೈಫೈಯಿಂದ ಬಿಡಿಸಿ ನನ್ನ ಫೋನಿನ ಸಂಪರ್ಕಕ್ಕೆ ಜೋಡಿಸಿದರು. ಬರಲಿಲ್ಲ. ಅದರಲ್ಲೇ ಸುದ್ದಿ ತೆರೆದರು, ಬ್ಯಾಂಕು ತೆರೆದರು. ಎಲ್ಲದರದೂ ಅದೇ ರಾಗ. ಇಂಟರ್‌ನೆಟ್ಟೇ ಬೇಡದ ಇಸ್ಪೀಟಿನ ಆಟ ಮಾತ್ರ ಲಕ್ಷಣವಾಗಿ ತೆರೆದುಕೊಂಡಿತು.

"ಲೋಕ ಸರಿಯಾಗಿದೆ, ಮನೆ ಸರಿಯಾಗಿದೆ. ಚಾಟ್‌ಬಾಟಿಗೂ ಏನೂ ಆಗಿಲ್ಲ. ಈ ಟ್ಯಾಬೊಂದೇ ಯಾರನ್ನೂ ನಂಬ್ತಾ ಇಲ್ಲ," ಎಂದು ಗೊಣಗಿಕೊಂಡು ಅವರು ಸೆಟ್ಟಿಂಗ್ಸ್ ತೆರೆದರು. ಒಂದು ಕಡೆ ಬೆರಳು ನಿಂತಿತು. ಟ್ಯಾಬಿನ ಮೂಲೆಯ ಗಂಟೆಯನ್ನೂ ತಮ್ಮ ಕೈಗಡಿಯಾರವನ್ನೂ ನೋಡಿದರು. ತೆರೆದ ಬಾಗಿಲಿನಾಚೆ ಕಾಣುತ್ತಿದ್ದ ದೊಡ್ಡ ಗಡಿಯಾರವನ್ನು ನಾನು ನೋಡಿದೆ. ಅದೂ ಟ್ಯಾಬೂ ನಿಮಿಷಕ್ಕೆ ನಿಮಿಷ ಒಂದೇ ಹೇಳುತ್ತಿದ್ದವು: ಮೂರಕ್ಕೆ ಹತ್ತಿರ ಹತ್ತಿರ.

"ಸಿಕ್ತಾ?" ಎಂದೆ.

"ಸಿಕ್ತು."

"ಮತ್ತೆ ಸರಿ ಮಾಡಿ ಅತ್ತಿಗೆ, ಹೊತ್ತಾಯ್ತು."

"ಈಗ ಮಾಡಲ್ಲ. ಗುಟ್ಟಾಗಿ ಸರಿ ಮಾಡಿದ್ರೆ, ಆಗಾಗ ಕೆಡೋ ಯಂತ್ರದ ಮಾತು ಹೇಗೆ ನಂಬೋದು ಅಂತ ನಾಳೆ ಮತ್ತೆ ಅರ್ಜಿ ಬರುತ್ತೆ. ಇದು ಕೆಟ್ಟದ್ದಲ್ಲ, ಕೆಡಿಸಿದ್ದು ಅಂತ ಅಧಿಕಾರಿ ಕಣ್ಣಾರೆ ನೋಡ್ಲಿ." ಯಜಮಾನಿಯ ಕೈ ಹಿಡಿದು ಸ್ವರ ತಗ್ಗಿಸಿದರು. "ಸ್ವಲ್ಪ ಹೊತ್ತು ತಡ್ಕೊಳ್ಳಿ. ನಿಮ್ಮ ಮಾತು ಎಲ್ಲೂ ಹೋಗಿಲ್ಲ."

ದೊಡ್ಡ ಗಡಿಯಾರ ಮೂರು ಹೊಡೆಯಿತು. ಯಾರೂ ಬರಲಿಲ್ಲ. ಮಗಳು ಬಾಗಿಲಿಗೂ ಕುರ್ಚಿಗೂ ಅಲೆದಳು. "ಬರೋದೇ ಇಲ್ವೇನೋ. ಅಮ್ಮನನ್ನ ನೋಡದೇ ಬರೆದುಬಿಟ್ಟರೆ?"

"ಈ ಮುದಿ ಗಡಿಯಾರದ ಮಾತಿಗೆ ಯಾಕೆ ಬೆವರ್ತೀಯಾ," ಎಂದ ಅವಳ ಮಾವ, ಮಣಿಕಟ್ಟಿನ ಸ್ಮಾರ್ಟ್ ವಾಚನ್ನು ತೋರಿಸಿ. "ಏಳು ನಿಮಿಷ ಮುಂದಿದೆ. ಅಕ್ಕ ಹಾಸಿಗೆ ಹಿಡಿದಾಗಿಂದ ಅದಕ್ಕೆ ಹೇಳೋರು ಕೇಳೋರು ಇಲ್ಲ."

"ಗೊತ್ತು ಮಾವ. ಗಾಬರೀಲಿ ಮರೆತೆ," ಎಂದು ಮಗಳು ತನ್ನ ಫೋನು ನೋಡಿಕೊಂಡಳು.

ಮೇಸ್ತ್ರಿ ಮೊದಲ ಸಲ ಮಾತಾಡಿದರು. "ಅದು ಅಮ್ಮಾವ್ರು ಇಟ್ಟ ಟೈಮು. ಅವರು ಬಿಟ್ಟು ಬೇರೆಯವರು ಅದರ ಲೋಲಕ ಮುಟ್ಟಲ್ಲ. ಮಿಕ್ಕ ಊರೇ ಹಿಂದಿರಬೇಕು."

ಸ್ವಲ್ಪ ಹೊತ್ತಿಗೆ ಅಧಿಕಾರಿ ಬಂದರು: ದಪ್ಪ ಕನ್ನಡಕ, ಎಣಿಸಿ ಆಡುವ ಮಾತು. ಅತ್ತಿಗೆ ಎಲ್ಲರನ್ನೂ ಒಳಕೋಣೆಗೆ ಕರೆದರು. ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಸರ್," ಎಂದ ತಮ್ಮ, "ನನಗೇನು ಅಕ್ಕನ ಮೇಲೆ ದ್ವೇಷವಾ? ಆದ್ರೆ ಒಂದು ಯಂತ್ರ ನಂಬಿ ಬದುಕು ನಡೆಸೋಕಾಗುತ್ತಾ? ಇವತ್ತು ಲೋಕಕ್ಕೆಲ್ಲ ಕೈಕೊಟ್ಟಿದೆ. ನೀವೇ ನೋಡ್ತಿದ್ದೀರಿ."

"ನೋಡೋಣ," ಎಂದು ಅತ್ತಿಗೆ ತಮ್ಮ ಫೋನನ್ನು ಅಧಿಕಾರಿಯ ಕೈಗಿಟ್ಟರು. "ಏನಾದ್ರೂ ಕೇಳಿ ಸರ್."

ಅಧಿಕಾರಿ ಏನೋ ಬರೆದರು. ಉತ್ತರ ಬಂತು. ಅವರ ಹುಬ್ಬು ಮೇಲೇರಿತು.

"ಬೆಳಿಗ್ಗೆ ಇದು ನಿಜವಾಗಿ ಕೆಟ್ಟಿತ್ತು," ಎಂದು ಅತ್ತಿಗೆ ಶುರು ಮಾಡಿದರು. "ಆ ನಿಜದ ಮರೆಯಲ್ಲಿ ಇನ್ನೊಂದು ಕೆಲಸ ನಡೆದುಹೋಯ್ತು. ಅಂತರ್ಜಾಲದಲ್ಲಿ ಯಾವ ಸೇವೆಗೆ ಹೋದ್ರೂ ಅದು ಮೊದಲು ಒಂದು ಗುರುತಿನ ಚೀಟಿ ತೋರಿಸುತ್ತೆ. ಇಂಥ ದಿನದಿಂದ ಇಂಥ ದಿನದವರೆಗೆ ಇದು ಚಾಲ್ತಿ ಅಂತ ಅದರ ಮೇಲಿರುತ್ತೆ. ನಮ್ಮ ಟ್ಯಾಬು ತನ್ನೊಳಗಿನ ತಾರೀಕಿಗೆ ಹೋಲಿಸಿ ನೋಡಿ ಬಾಗಿಲು ತೆಗೆಯುತ್ತೆ. ಈ ಟ್ಯಾಬಿನ ತಾರೀಕನ್ನ ಹನ್ನೊಂದು ವರ್ಷ ಹಿಂದಕ್ಕೆ ತಳ್ಳಿದ್ದಾರೆ. ಇದರ ಪಾಲಿಗೆ ಇವತ್ತಿನ ಚೀಟಿಗಳು ಯಾವುವೂ ಇನ್ನೂ ಹುಟ್ಟಿಯೇ ಇಲ್ಲ. ಅದಕ್ಕೇ ಯಾರನ್ನೂ ನಂಬ್ತಿಲ್ಲ."

"ಬ್ಯಾಟರಿ ಪೂರ್ತಿ ಮುಗಿದ್ರೆ ತಾನಾಗಿ ಹಾಗೆ ಆಗಬಹುದಲ್ಲ?" ಎಂದರು ಅಧಿಕಾರಿ.

"ತಾನಾಗಿ ಆಗಿದ್ರೆ ವಾರ ತಪ್ಪಿರೋದು ಸರ್. ಇಲ್ಲಿ ವಾರ, ತಾರೀಕು, ತಿಂಗಳು ಎಲ್ಲಾ ಇವತ್ತಿನದೇ. ಪರದೆ ಮೇಲೆ ಕಾಣೋದೂ ಅಷ್ಟೇ, ವರ್ಷ ಕಾಣಲ್ಲ. ನೋಡಿದವರಿಗೆ ಅನುಮಾನ ಬರಬಾರದು ಅಂತ ಹೊಂದೋ ವರ್ಷ ಹುಡುಕಿದ್ದಾರೆ. ಆ ವರ್ಷ ಹೊರಗಡೆ ಮೇಜಿನ ಮೇಲೇ ತೂಗ್ತಾ ಇದೆ. ಬೇರೆಯವರಿಗೆ ಅದು ಹಳೇ ಕಾಗದ. ಈ ಮನೆಯವರಿಗೆ ಮಾತ್ರ ಅದರ ಉಪಯೋಗ ಗೊತ್ತು."

ತಮ್ಮನ ಮುಖ ಕೆಂಪಾಯಿತು. "ನನ್ನ ಕಡೆ ಬೆರಳು ತೋರಿಸ್ತಿದ್ದೀರಿ."

"ತೋರಿಸ್ಬೇಕು ಅಂತಲೇ ಮನಸ್ಸಿತ್ತು. ಟ್ಯಾಬ್ ಚಾರ್ಜಿಗಿದ್ದದ್ದು ಎಲ್ಲಿ?" ಅತ್ತಿಗೆ ಮಗಳ ಕಡೆ ತಿರುಗಿದರು.

"ರಿಪೇರಿ ಮೇಜಿನ ಮೇಲೆ. ಇಲ್ಲಿಯ ಪ್ಲಗ್ಗು ಸಡಿಲ. ಹನ್ನೊಂದರವರೆಗೆ ನಾನು, ಅಮ್ಮ, ವ್ಯಾಯಾಮ ಮಾಡಿಸೋಕೆ ಬರೋರು, ಮೂವರೂ ಇದೇ ಕೋಣೇಲಿದ್ವಿ. ಹೊರಗೆ ಇದ್ದದ್ದು ಮಾವ ಮತ್ತೆ ಮೇಸ್ತ್ರಿ."

"ಹಾಗಾದ್ರೆ ಇಬ್ಬರು. ಇಬ್ಬರಿಗೂ ವರ್ಷದ ಲೆಕ್ಕ ಗೊತ್ತು. ಈಗ ಟ್ಯಾಬಿನ ಗಂಟೆ ನೋಡಿ ಸರ್, ನಿಮ್ಮ ಗಡಿಯಾರಾನೂ ನೋಡಿ."

ಅಧಿಕಾರಿ ನೋಡಿದರು. "ಇದು ಏಳು ನಿಮಿಷ ಮುಂದಿದೆ."

"ತಾರೀಕು ಹಿಂದಕ್ಕೆ ತಳ್ಳೋಕೆ ನಿಮಿಷ ಮುಟ್ಟೋ ಅಗತ್ಯವೇ ಇಲ್ಲ. ಆದ್ರೂ ಒಂದು ಕೈ ಮುಟ್ಟಿದೆ. ಗಡಿಯಾರ ಬಿಚ್ಚಿದ ಮೇಲೆ ಟೈಮು ಹೊಂದಿಸದೆ ಮುಚ್ಚೋದು ಆ ಕೈಗೆ ಗೊತ್ತಿಲ್ಲ. ಹೊಂದಿಸಿದ್ದು ಯಾವುದಕ್ಕೆ? ಗೋಡೆಯ ದೊಡ್ಡ ಗಡಿಯಾರಕ್ಕೆ. ಅದು ಮುಂದೆ ಓಡುತ್ತೆ ಅಂತ ತಮ್ಮನಿಗೆ ಗೊತ್ತು, ಅದನ್ನ ನೋಡಿ ನಗ್ತಾರೆ. ಮಗಳಿಗೂ ಗೊತ್ತು. ಅದೇ ಸರಿ ಅಂತ ಈಗಲೂ ನಂಬಿರೋರು ಈ ಮನೇಲಿ ಒಬ್ಬರೇ."

ಯಾರೂ ತಿರುಗಿ ನೋಡಬೇಕಾಗಿರಲಿಲ್ಲ. ಮೇಸ್ತ್ರಿ ಕಣ್ಣಿನ ಭೂತಗನ್ನಡಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದರು.

"ನೀವಾ?" ಎಂದಳು ಮಗಳು. ಅವಳ ಸ್ವರದಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. "ಮಾವ ಮಾಡಿದ್ರು ಅಂದಿದ್ರೆ ನಂಬ್ತಿದ್ದೆ."

"ಉಪಕಾರವಾಯ್ತಮ್ಮ," ಎಂದ ಮಾವ.

ಮೇಸ್ತ್ರಿ ಅಧಿಕಾರಿಯನ್ನು ನೋಡಲಿಲ್ಲ, ಯಜಮಾನಿಯನ್ನೂ ನೋಡಲಿಲ್ಲ. "ತಾರೀಕು ತಪ್ಪಿದ ಫೋನು ಹೀಗೇ ನಿಂತುಹೋಗೋದನ್ನ ಒಮ್ಮೆ ನೋಡಿದ್ದೆ. ಇವತ್ತು ಆಗದಿದ್ರೆ ಇನ್ನೊಂದು ದಿನ ಕೊಡ್ತಾರೆ ಅಂದ್ಕೊಂಡೆ. ಅಷ್ಟರಲ್ಲಿ ಅಮ್ಮಾವ್ರಿಗೆ ನಿಜವಾದ ಮಾತು ಬರಬಹುದು ಅಂತ. ಹೋದ ವಾರ ಆ ಯಂತ್ರ ಹೇಳ್ತು, ದಯವಿಟ್ಟು ಅಂಗಡಿ ಮುಚ್ಚಲು ಸಿದ್ಧತೆ ಮಾಡಿ, ನಿಮ್ಮ ಸಹಕಾರಕ್ಕೆ ಧನ್ಯವಾದಗಳು, ಅಂತ. ನಾನು ಇಷ್ಟು ವರ್ಷದಲ್ಲಿ ಇವರ ಬಾಯಲ್ಲಿ ದಯವಿಟ್ಟು ಕೇಳಿಲ್ಲ. ಇದು ಇವರ ಮಾತಲ್ಲ, ಯಾರೋ ತುಂಬಿಸಿ ಕಳಿಸಿದ್ದು ಅಂದ್ಕೊಂಡೆ. ಅಂಗಡಿ ಮುಚ್ಚೋದನ್ನ ಇವರು ಹೇಳಲ್ಲ."

"ಇವತ್ತು ಇವರು ಮಾತಾಡದಿದ್ರೆ ಅಂಗಡಿ ನೇರ ತಮ್ಮನ ಕೈಗೆ ಹೋಗ್ತಿತ್ತು," ಎಂದರು ಅತ್ತಿಗೆ. "ಅದು ಗೊತ್ತಿತ್ತಾ?"

ಮೇಸ್ತ್ರಿಯ ಮುಖದ ಬಣ್ಣ ಇಳಿಯಿತು. ಗೊತ್ತಿರಲಿಲ್ಲ.

ಅತ್ತಿಗೆ ಎಲ್ಲರ ಮುಂದೆ ತಾರೀಕನ್ನು ಸರಿಪಡಿಸಿದರು. ಒಂದು ಕ್ಷಣ ಪರದೆಯ ಮೇಲೆ ಚಕ್ರವೊಂದು ತಿರುಗಿತು. ಚಾಟ್‌ಬಾಟ್ ತೆರೆದುಕೊಂಡಿತು.

"ಇದು ನಿಮ್ಮ ಮಾತೇ ಅಂತ ನನಗೆ ಗೊತ್ತಾಗಬೇಕು," ಎಂದು ಅಧಿಕಾರಿ ಯಜಮಾನಿಯ ಎದುರು ಕುರ್ಚಿ ಎಳೆದುಕೊಂಡರು. "ಅದು ಬರೆದದ್ದು ತಪ್ಪಿದ್ರೆ ಅಳಿಸಿಬಿಡಿ. ನಾನು ಕಾಯ್ತೀನಿ."

ಯಜಮಾನಿ ಒಂದೊಂದೇ ಪದ ಒತ್ತಿದರು. ಯಂತ್ರ ವಾಕ್ಯ ಕಟ್ಟಿತು. ಓದಿ, ಅಳಿಸಿದರು. ಮತ್ತೆ ಒತ್ತಿದರು, ಮತ್ತೆ ಅಳಿಸಿದರು. ಮೂರನೆಯದಕ್ಕೆ ಅವರ ಮೂಗು ಅರಳಿತು. ಹಿಂದೆ ಯಾವನಾದರೂ ಗಿರಾಕಿ ಚೌಕಾಶಿಗೆ ನಿಂತಾಗ ಅರಳುತ್ತಿದ್ದಂತೆಯೇ. ಬೆರಳು ಹುಡುಕಿ ಹುಡುಕಿ ಒತ್ತಿತು. ಆಮೇಲೆ ನಯವಾದ ಹೆಣ್ಣುಧ್ವನಿಯೊಂದು ಕೋಣೆಯ ತುಂಬ ಕೇಳಿಸಿತು:

"ಅಂಗಡಿ ಮುಚ್ಚುತ್ತೇನೆ. ಇದು ನನ್ನದೇ ಮಾತು, ಯಾರೂ ಹೇಳಿಕೊಟ್ಟಿಲ್ಲ. ಮನೆ ಮಾರುವುದಿಲ್ಲ. ತಮ್ಮನಿಗೆ ಯಾವ ಅಧಿಕಾರವನ್ನೂ ಕೊಡಬೇಡಿ. ಮಗಳು ನನ್ನ ಜೊತೆ ಇರಬೇಕೋ ಬೇಡವೋ ಅವಳೇ ಹೇಳಲಿ, ಅವಳನ್ನು ಇದುವರೆಗೆ ಯಾರೂ ಕೇಳಿಲ್ಲ."

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಮ್ಮ ಏನೋ ಹೇಳಹೊರಟು, ಅಧಿಕಾರಿಯ ಕನ್ನಡಕ ತನ್ನತ್ತ ತಿರುಗಿದ್ದು ಕಂಡು ವಾಚಿನ ಪಟ್ಟಿ ಸರಿಮಾಡಿಕೊಂಡ. ಅಧಿಕಾರಿ ಅಷ್ಟನ್ನೂ ಬರೆದುಕೊಂಡು ಗಟ್ಟಿಯಾಗಿ ಓದಿದರು. ಯಜಮಾನಿ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದರು.

"ಟ್ಯಾಬ್ ಕೆಡಿಸಿದ್ದರ ಬಗ್ಗೆ ದೂರು ಬರ್ಕೊಳ್ಳಲಾ?" ಎಂದರು ಅಧಿಕಾರಿ.

ಬೆರಳು ಬಹಳ ಹೊತ್ತು ಗಾಜಿನ ಮೇಲೆ ಆಡಿತು. "ದೂರು ಬೇಡ," ಎಂದಿತು ಧ್ವನಿ. "ಮೇಸ್ತ್ರಿ ಈಗ ಮನೆಗೆ ಹೋಗಲಿ. ಇವನ ಮುಖ ಇವತ್ತು ನೋಡಲಾರೆ. ಅಂಗಡಿ ಯಾಕೆ ಮುಚ್ಚುತ್ತೇನೆ ಎಂದು ನಾಳೆ ಬಂದು ಕೇಳಿಕೊಳ್ಳಲಿ."

ಮೇಸ್ತ್ರಿ ಹೋಗಲಿಲ್ಲ. ಚೌಕಟ್ಟು ಬಿಟ್ಟು ಒಳಗೆ ಬಂದು, ಯಜಮಾನಿಯ ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟರು, ಮೊಣಕಾಲಿನ ಮೇಲೆ ಎರಡೂ ಕೈಯಿಟ್ಟು.

"ನಾಳೆ ಅಂದ್ರೆ ನಾನು ಮತ್ತೆ ಏನಾದ್ರೂ ಯೋಚನೆ ಮಾಡಿಬಿಡ್ತೀನಿ," ಎಂದರು. "ಬೇಕಾದ್ರೆ ಗೋಡೆ ಕಡೆ ತಿರುಗಿ ಕೂತ್ಕೋತೀನಿ, ಮುಖ ನೋಡಬೇಡಿ. ಈಗಲೇ ಹೇಳಿಬಿಡಿ ಅಮ್ಮಾವ್ರೇ. ಆ ಯಂತ್ರದ ಬಾಯಲ್ಲೇ ಆಗ್ಲಿ."

ಯಜಮಾನಿ ಅವರನ್ನೇ ನೋಡುತ್ತ ಕೂತರು. ಅತ್ತಿಗೆ ನನ್ನ ತೋಳು ಮುಟ್ಟಿ ಬಾಗಿಲ ಕಡೆ ಸನ್ನೆ ಮಾಡಿದರು. ಕೌಂಟರು ದಾಟಿ ಬೀದಿಗಿಳಿಯುವಾಗ ನಾನು ಕಿವಿಗೊಟ್ಟೆ. ಅಷ್ಟೊಂದು ಗಡಿಯಾರಗಳ ಸದ್ದಿನ ನಡುವೆ, ಗಾಜಿನ ಮೇಲೆ ಒಂದೇ ಒಂದು ಬೆರಳು ಬಡಿಯತೊಡಗಿದ್ದು ಕೇಳಿಸಿತು.